ಕಲ್ಲು, ಕಡತ, ಡಿಸ್ಕು: ಮಧುಗಿರಿ ಸೀಮೆಯ ದಾಖಲೆಗಳ ಚರಿತ್ರೆ

ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರನ್ನು ಚುರುಕುಗೊಳಿಸಬೇಕಾದಾಗ ವೇಗವಾಗಿ ತಿರುಗುವ ಹಾರ್ಡ್ ಡಿಸ್ಕ್ ಕೊಳ್ಳಬೇಕೆ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಕೊಳ್ಳಬೇಕೆ? ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ಮುಗಿಯುವ ಪ್ರಶ್ನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಟ್ಟಿಗೆ ಇದು ಶಾಲೆ ಮತ್ತು ಕಚೇರಿಗಳ ಪ್ರಶ್ನೆಯೂ ಹೌದು. ಈ ನಾಲ್ಕೂ ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವೇ ನಾಲ್ಕು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಒಂದು ಕಡೆ ಪಹಣಿ, ಖಾತೆ, ಮ್ಯುಟೇಶನ್; ಇನ್ನೊಂದು ಕಡೆ ದಾಖಲಾತಿ, ಹಾಜರಿ, ಅಂಕಪಟ್ಟಿ. ಎಲ್ಲವೂ ಈಗ ಕಂಪ್ಯೂಟರಿನ ಮೂಲಕವೇ ನಡೆಯಬೇಕು. ಪ್ರೌಢಶಾಲೆಯ ಪ್ರಯೋಗಾಲಯಕ್ಕೂ, ಸ್ವಂತ ಬಂಡವಾಳ ಹಾಕಿ ಗ್ರಾಮಒನ್ ಕೇಂದ್ರ ನಡೆಸುವವರಿಗೂ ಹಣ ಮಾತ್ರ ಮಿತವಾಗಿಯೇ ಇರುತ್ತದೆ. ಮಾಹಿತಿಯನ್ನು ಯಾವುದರ ಮೇಲೆ ಇಡಬೇಕು, ಅದಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬ ಲೆಕ್ಕಾಚಾರ ಈ ಸೀಮೆಗೆ ಹೊಸತಲ್ಲ. ಸಾವಿರ ವರ್ಷಗಳಿಂದ ಇಲ್ಲಿ ಅದು ನಡೆದಿದೆ. ಆ ಚರಿತ್ರೆಯನ್ನು ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ದಿನಬಳಕೆಯ ಮಾಹಿತಿಗೆ ಒಂದು ಮಾಧ್ಯಮ, ಕಾಪಿಡುವ ಮಾಹಿತಿಗೆ ಇನ್ನೊಂದು ಎಂದು ಕೆಲಸ ಹಂಚಿದಾಗ ವ್ಯವಸ್ಥೆ ನಿಂತಿದೆ, ಎರಡೂ ಕೆಲಸವನ್ನು ಒಂದರ ಮೇಲೇ ಹೊರಿಸಿದಾಗ ಕುಸಿದಿದೆ. ವೇಗದ ಹಾರ್ಡ್ ಡಿಸ್ಕ್ ಎಂಬುದು ಎರಡನ್ನೂ ಒಂದೇ ವಸ್ತುವಿನಲ್ಲಿ ಪಡೆಯುವ ಪ್ರಯತ್ನವಾಗಿತ್ತು. ಕಡಿಮೆ ಹಣದವರು ಅದರತ್ತ ಹೋಗಬಾರದು ಎಂಬುದೇ ಈ ಬರಹದ ವಾದ.

ಕಲ್ಲಿನಿಂದ ಆರಂಭಿಸೋಣ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದು. ಶಿರಾ, ಮಧುಗಿರಿ, ಪಾವಗಡ ಸೀಮೆಯ ಶಾಸನಗಳು ಅದರಲ್ಲಿ ಸೇರಿವೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಈಗ ಆಂಧ್ರದ ಮಡಕಶಿರಾ ಸೀಮೆಯಲ್ಲಿದ್ದರೂ ಅವರ ಆಳ್ವಿಕೆಯ ಗುರುತುಗಳು ಗಡಿಯ ಈಚೆಗೂ ಹರಡಿವೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಿಂದ ಆಳಿದ ಚೋಳ ಮನೆತನದವರೂ ಶಾಸನಗಳನ್ನು ಬಿಟ್ಟುಹೋಗಿದ್ದಾರೆ. ಇಂಥ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಇರುವುದೇನು? ಆಳುತ್ತಿದ್ದ ಅರಸನ ಹೆಸರು, ಕಾಲ, ದಾನ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಕೊನೆಗೆ ದಾನವನ್ನು ಅಳಿದವರಿಗೆ ಶಾಪ. ಆ ವರ್ಷದ ಬೆಳೆ ಎಷ್ಟಾಯಿತು, ಯಾರ ಕಂದಾಯ ಬಾಕಿ ಉಳಿಯಿತು, ಕೆರೆಯ ನೀರು ಯಾವ ಗದ್ದೆಗೆ ಯಾವ ದಿನ ಹರಿಯಿತು ಎಂಬ ವಿವರಗಳಿಗೆ ಅಲ್ಲಿ ಜಾಗವಿಲ್ಲ. ಒಂದೊಂದು ಅಕ್ಷರಕ್ಕೂ ಉಳಿಪೆಟ್ಟಿನ ಕೂಲಿ ತೆರಬೇಕಾದಾಗ ತಲೆಮಾರುಗಳಾಚೆಗೂ ಬದಲಾಗಬಾರದ ಮಾತು ಮಾತ್ರ ಕಲ್ಲಿಗೆ ಏರುತ್ತಿತ್ತು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತ ಆ ಕಲ್ಲು ಊರಿನ ಸಮಸ್ತ ಲೆಕ್ಕವನ್ನು ಹೊರಲು ಹೊರಟದ್ದಲ್ಲ. ವಿವಾದ ಹುಟ್ಟಿದಾಗ ಕೊನೆಯ ಸಾಕ್ಷಿಯಾಗಲು ನಿಂತದ್ದು.

ದಿನದ ಲೆಕ್ಕಕ್ಕೆ ಬೇರೆಯದೇ ಸಾಧನವಿತ್ತು. ಹತ್ತಿಯ ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪುಟಗಳಂತೆ ಮಡಿಸಿ ಮಾಡುತ್ತಿದ್ದ ಕಡತ ಮೈಸೂರು ಸೀಮೆಯ ಶಾನುಭೋಗರ, ವರ್ತಕರ ಕೈಯಲ್ಲಿತ್ತು. ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸುವುದು, ಅದೇ ಜಾಗದಲ್ಲಿ ಮತ್ತೆ ಬರೆಯುವುದು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲು ತೊಡಗಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಇದರ ವಿವರಣೆ ಇದೆ. ಹಗುರ, ಅಗ್ಗ, ತಿದ್ದಲು ಸುಲಭ. ವರ್ಷವಿಡೀ ಬದಲಾಗುವ ಲೆಕ್ಕಕ್ಕೆ ಹೇಳಿಮಾಡಿಸಿದ್ದು. ತಿದ್ದಲು ಸುಲಭವಾದದ್ದು ಅಳಿಯಲೂ ಸುಲಭ ಎಂಬುದು ಅದರ ಇನ್ನೊಂದು ಮುಖ. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿಲ್ಲವೇ ಎಂದು ಯಾರಾದರೂ ಕೇಳಬಹುದು. ಉಳಿದಿವೆ, ಒಂದು ಸಂಸ್ಥೆ ತಲೆಮಾರಿನಿಂದ ತಲೆಮಾರಿಗೆ ಅವನ್ನು ಜೋಪಾನ ಮಾಡಿತು. ಹಾಗೆ ಕಾಪಾಡುವವರಿಲ್ಲದ ಕಡೆ ಒರೆಸಿದ ಕಡತದಿಂದ ಹಳೆಯ ಲೆಕ್ಕವನ್ನು ಮರಳಿ ಪಡೆಯುವ ದಾರಿಯಿಲ್ಲ. ಕಲ್ಲು ಮತ್ತು ಕಡತ ಒಂದಕ್ಕೊಂದು ಪೈಪೋಟಿಗೆ ನಿಂತ ಮಾಧ್ಯಮಗಳಲ್ಲ. ಒಂದರ ದೌರ್ಬಲ್ಯವನ್ನು ಇನ್ನೊಂದು ತುಂಬುತ್ತಿತ್ತು.

ಈ ಹಂಚಿಕೆ ಸಡಿಲಗೊಂಡದ್ದು ಕಾಗದದ ಕಾಲದಲ್ಲಿ. ಮೈಸೂರಿನಲ್ಲಿ 1863ರಲ್ಲಿ ಆರಂಭವಾದ ಭೂಮಾಪನ ಮತ್ತು ಕಂದಾಯ ನಿಗದಿಯಿಂದ ಪ್ರತಿ ಸರ್ವೆ ನಂಬರಿಗೂ ಕಾಗದದ ದಾಖಲೆ ಹುಟ್ಟಿತು. ಟಿಪ್ಪಣಿ, ಆಕಾರಬಂದ್ ಮುಂತಾದ ಮೂಲದಾಖಲೆಗಳು ಒಂದು ಕಡೆ ಬೆಳೆದರೆ, ಹಳ್ಳಿಯ ಲೆಕ್ಕ ಶಾನುಭೋಗರ ಮನೆಯಲ್ಲಿ ಬೆಳೆಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಪಟೇಲ, ಶಾನುಭೋಗರ ವಂಶಪಾರಂಪರ್ಯ ಕೊನೆಗೊಂಡು ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಂದೇ ಆಗಿ ಉಳಿಯಿತು. ಪಹಣಿ ಎಂಬ ಆ ಪುಸ್ತಕ ಹಕ್ಕಿನ ಸಾಕ್ಷಿಯೂ ಆಗಬೇಕು, ಹಂಗಾಮಿನ ಬೆಳೆಯ ವರದಿಯೂ ಆಗಬೇಕು, ಬ್ಯಾಂಕಿನ ಸಾಲಕ್ಕೆ ಕೇಳಿದ ದಿನ ನಕಲು ಕೊಡುವ ಆಕರವೂ ಆಗಬೇಕು. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಗೆ ಮೊದಲು ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರು ಈ ಪುಸ್ತಕಗಳನ್ನು ಕೈಬರಹದಲ್ಲಿ ನಿರ್ವಹಿಸುತ್ತಿದ್ದರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪಹಣಿಯ ನಕಲು ಸಿಗಲು ಮೂರರಿಂದ ಮೂವತ್ತು ದಿನ ಹಿಡಿಯುತ್ತಿತ್ತು ಎಂದು ಆ ಯೋಜನೆಯ ಅಧ್ಯಯನಗಳು ದಾಖಲಿಸಿವೆ. ಒಂದೇ ಪುಸ್ತಕದ ಮೇಲೆ ತ್ವರಿತ ಸೇವೆ ಮತ್ತು ದೀರ್ಘ ಸಾಕ್ಷ್ಯ ಎರಡನ್ನೂ ಹೊರಿಸಿದ್ದರ ಫಲ ಅದು: ಬೇಕಾದಾಗ ಸಿಗುತ್ತಿರಲಿಲ್ಲ, ಸಿಕ್ಕಾಗ ತಿದ್ದಿಲ್ಲವೆಂಬ ಭರವಸೆ ಇರುತ್ತಿರಲಿಲ್ಲ.

ಭೂಮಿ ಯೋಜನೆ ಈ ಗಂಟನ್ನು ಬಿಡಿಸಿತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಮೊದಲು ಪ್ರಯೋಗವಾಗಿ, 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಿಗೂ ಹರಡಿದ ಈ ಯೋಜನೆ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ನಿಮಿಷಗಳ ಲೆಕ್ಕದಲ್ಲಿ ಪಹಣಿ ಕೈಗೆ ಬಂತು. ಮೊದಮೊದಲು ತಾಲ್ಲೂಕಿಗೊಂದು ಸರ್ವರ್ ಇತ್ತು. ಮುಂದೆ ದತ್ತಾಂಶವೆಲ್ಲ ಬೆಂಗಳೂರಿನ ಕೇಂದ್ರಕ್ಕೆ ಹೋಯಿತು. ಆದರೆ ಹಳೆಯ ಕಾಗದದ ಕೆಲಸ ಅಲ್ಲಿಗೆ ತೀರಲಿಲ್ಲ. ಪಹಣಿಯ ಇಂದಿನ ಹೆಸರನ್ನು ಯಾರಾದರೂ ಪ್ರಶ್ನಿಸಿದರೆ ದಾಖಲೆ ಕೊಠಡಿಯ ಮ್ಯುಟೇಶನ್ ವಹಿ, ಮಂಜೂರಾತಿ ಕಡತ, ಟಿಪ್ಪಣಿಗಳನ್ನೇ ಹುಡುಕಬೇಕು. ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನ ಎದ್ದಾಗ ಭೂಮಿಯನ್ನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭವಾದ ಆ ಗುತ್ತಿಗೆ ಹಣ ಯಾರ ಕೈ ಸೇರಬೇಕೆಂಬುದು ಪಹಣಿಯಲ್ಲಿರುವ ಹೆಸರಿನ ಮೇಲೆ ನಿಂತಿರುತ್ತದೆ. ಆ ಹೆಸರು ಹೇಗೆ ಬಂತು ಎಂಬುದು ಹಳೆಯ ದಾಖಲೆಯ ಮೇಲೆ. ಈಗ ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಡಿ ದಾಖಲೆ ಕೊಠಡಿಗಳ ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡಿಸುತ್ತಿದೆ. ಕಲ್ಲು ಮತ್ತು ಕಡತದ ಹಳೆಯ ಹಂಚಿಕೆ ಹೀಗೆ ಹೊಸ ರೂಪದಲ್ಲಿ ಮರಳಿದೆ.

ಈ ಎರಡು ಬಗೆಯ ದಾಖಲೆಗಳ ಗಾತ್ರವನ್ನು ಅಂದಾಜು ಮಾಡಿದರೆ ಡಿಸ್ಕಿನ ಪ್ರಶ್ನೆ ತಾನಾಗಿ ತಿಳಿಯಾಗುತ್ತದೆ. ಒಂದು ಪಹಣಿಯ ಅಕ್ಷರ, ಅಂಕಿಗಳಿಗೆ 5 ಕಿಲೋಬೈಟ್ ಎಂದು ಹಿಡಿಯಿರಿ. ರಾಜ್ಯದ 2 ಕೋಟಿ ಪಹಣಿಗಳು ಸೇರಿದರೆ 100 ಗಿಗಾಬೈಟ್, ಅಂದರೆ ಇಂದಿನ ಸಣ್ಣದೊಂದು ಎಸ್‌ಎಸ್‌ಡಿಯಲ್ಲಿ ಹಿಡಿಸುವಷ್ಟು. ಹಳೆಯ ಕಾಗದದ ಒಂದು ಪುಟವನ್ನು ಸ್ಕ್ಯಾನ್ ಮಾಡಿದ ಚಿತ್ರಕ್ಕೆ 1 ಮೆಗಾಬೈಟ್ ಎಂದಿಟ್ಟುಕೊಂಡರೆ, 10 ಲಕ್ಷ ಪುಟಕ್ಕೆ 1 ಟೆರಾಬೈಟ್ ಬೇಕು. ದಿನವೂ ಮುಟ್ಟುವ ಮಾಹಿತಿ ಗಾತ್ರದಲ್ಲಿ ಸಣ್ಣದು, ಸಾವಿರಾರು ಚೂರುಗಳಲ್ಲಿ ಹರಡಿರುವಂಥದು. ಅಪರೂಪಕ್ಕೆ ಮುಟ್ಟುವ ಮಾಹಿತಿ ಗಾತ್ರದಲ್ಲಿ ದೊಡ್ಡದು, ಒಂದೊಂದೇ ಇಡಿಯಾಗಿ ಓದುವಂಥದು. ಶಾಲೆಯಲ್ಲೂ ಇದೇ ಚಿತ್ರ. ಕಂಪ್ಯೂಟರ್ ಚಾಲೂ ಆಗುವುದು, ಬ್ರೌಸರ್ ತೆರೆಯುವುದು, ಎಸ್‌ಎ‌ಟಿಎಸ್ ತಂತ್ರಾಂಶದಲ್ಲಿ ಮಕ್ಕಳ ವಿವರ ತುಂಬುವುದು ಮೊದಲ ಬಗೆ. ಪಾಠದ ವಿಡಿಯೊ, ವಾರ್ಷಿಕೋತ್ಸವದ ಚಿತ್ರ, ಹಳೆಯ ದಾಖಲಾತಿ ವಹಿಯ ಸ್ಕ್ಯಾನ್ ಎರಡನೆಯ ಬಗೆ.

ಇನ್ನು ಡಿಸ್ಕಿನ ಚರಿತ್ರೆ. 1956ರಲ್ಲಿ ಐಬಿಎಂ ಕಂಪನಿ ರಾಮಾಕ್ ಯಂತ್ರದೊಂದಿಗೆ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದ ಅದು ಹಿಡಿಸಿಕೊಂಡದ್ದು 50 ಲಕ್ಷ ಅಕ್ಷರ. 2000ದಲ್ಲಿ ಸೀಗೇಟ್ ಕಂಪನಿಯ ಚೀತಾ ಎಕ್ಸ್15 ನಿಮಿಷಕ್ಕೆ 15,000 ಸುತ್ತಿನ ವೇಗ ಮುಟ್ಟಿತು. ಅದರ ಗಾತ್ರ ಸುಮಾರು 18 ಗಿಗಾಬೈಟ್. ನಲವತ್ತನಾಲ್ಕು ವರ್ಷದಲ್ಲಿ ಹಿಡಿಸುವ ಶಕ್ತಿ 3,600 ಪಟ್ಟು ಬೆಳೆದಾಗ ತಿರುಗುವ ವೇಗ ಬೆಳೆದದ್ದು ಹನ್ನೆರಡೂವರೆ ಪಟ್ಟು. ಓದುವ ತೋಳು ಬೇಕಾದ ಜಾಗ ತಲುಪಲು ಹಿಡಿಯುವ ಕಾಲವೂ ಬಹಳ ಇಳಿದಿದ್ದರಿಂದ ಒಟ್ಟು ಚುರುಕು ನೂರು ಪಟ್ಟಿನ ಆಸುಪಾಸಿಗೆ ಬಂತು, ಅಷ್ಟೆ. ಕಾಂತೀಯ ಲೇಪದ ಮೇಲೆ ಅಕ್ಷರಗಳನ್ನು ಇನ್ನಷ್ಟು ಒತ್ತೊತ್ತಾಗಿ ಕೂರಿಸಬಹುದು. ಆದರೆ ಲೋಹದ ಅಥವಾ ಗಾಜಿನ ತಟ್ಟೆಯನ್ನು ತಿರುಗಿಸುವ ವೇಗಕ್ಕೆ ಶಾಖ, ಕಂಪನ, ವಿದ್ಯುತ್ತಿನ ಮಿತಿ ಇದೆ. 2003ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ರ‍್ಯಾಪ್ಟರ್ 10,000 ಸುತ್ತಿನ ವೇಗವನ್ನು ಮೇಜಿನ ಕಂಪ್ಯೂಟರಿಗೂ ತಂದಿತು. ವೇಗದ ಹಾರ್ಡ್ ಡಿಸ್ಕ್ ಸಾಮಾನ್ಯ ಬಳಕೆದಾರರ ಆಸೆಯಾದದ್ದು ಈ ಘಟ್ಟದಲ್ಲಿ.

ಆ ಆಸೆ ಎಷ್ಟು ಫಲ ಕೊಡುತ್ತದೆ ಎಂಬುದನ್ನು ಗಣಿತವೇ ಹೇಳುತ್ತದೆ. ನಿಮಿಷಕ್ಕೆ 7,200 ಸುತ್ತಿನ ಸಾಮಾನ್ಯ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, ಬೇಕಾದ ಅಕ್ಷರ ತೋಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ, ಅಂದರೆ 4.2. ತೋಳು ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್ ಸೇರಿದರೆ ಒಟ್ಟು ಸುಮಾರು 12.5. 10,000 ಸುತ್ತಿನ ಡಿಸ್ಕಿಗೆ ಇದು ಸುಮಾರು 7, ಎಸ್‌ಎಸ್‌ಡಿಗೆ 0.1 ಅಥವಾ ಅದಕ್ಕೂ ಕಡಿಮೆ. ಕಂಪ್ಯೂಟರ್ ಚಾಲೂ ಆಗಿ ಬ್ರೌಸರ್ ತೆರೆಯುವಷ್ಟರಲ್ಲಿ 20 ಸಾವಿರ ಸಣ್ಣ ಚೂರುಗಳನ್ನು ಅಲ್ಲಲ್ಲಿಂದ ಓದಬೇಕು ಎಂದು ಊಹಿಸಿದರೆ, ಸಾಮಾನ್ಯ ಡಿಸ್ಕಿಗೆ 250 ಸೆಕೆಂಡ್ ಬೇಕು, ವೇಗದ ಡಿಸ್ಕಿಗೆ 140, ಎಸ್‌ಎಸ್‌ಡಿಗೆ 2. ನಾಲ್ಕು ನಿಮಿಷದ ಕಾಯುವಿಕೆಯನ್ನು ಎರಡೂಕಾಲು ನಿಮಿಷಕ್ಕೆ ಇಳಿಸುವುದಕ್ಕೂ ಕಾಯುವಿಕೆಯನ್ನೇ ಇಲ್ಲವಾಗಿಸುವುದಕ್ಕೂ ಇರುವ ಅಂತರ ಇದು. ಸ್ಕ್ಯಾನ್ ಮಾಡಿದ ಒಂದು ಪುಟದ ವಿಷಯ ಬೇರೆ. ಸೆಕೆಂಡಿಗೆ 150 ಮೆಗಾಬೈಟ್ ಓದುವ ಸಾಮಾನ್ಯ ಡಿಸ್ಕು ಅದನ್ನು ಹುಡುಕಿ ಓದಿ ಕೊಡಲು ತೆಗೆದುಕೊಳ್ಳುವುದು ಸುಮಾರು 20 ಮಿಲಿಸೆಕೆಂಡ್; ನೋಡುವವರ ಕಣ್ಣಿಗೆ ಅದು ತಕ್ಷಣವೇ. ಚೂರುಗಳ ಕೆಲಸಕ್ಕೆ ವೇಗದ ಹಾರ್ಡ್ ಡಿಸ್ಕ್ ಸಾಲದು, ದೊಡ್ಡ ಕಡತಗಳ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ.

ಹಾಗಾದರೆ ಅದನ್ನು ಕೊಂಡವರೆಲ್ಲ ದಡ್ಡರೇ? ಖಂಡಿತ ಅಲ್ಲ. 2008ರಲ್ಲಿ ವೆಲೋಸಿರ‍್ಯಾಪ್ಟರ್ ಎಂಬ 10,000 ಸುತ್ತಿನ ಡಿಸ್ಕಿನ 300 ಗಿಗಾಬೈಟಿಗೆ ಸುಮಾರು 300 ಡಾಲರ್ ಬೆಲೆಯಿತ್ತು. ಅದೇ ವರ್ಷ ಇಂಟೆಲ್ ತಂದ ಎಕ್ಸ್25-ಎಂ ಎಸ್‌ಎಸ್‌ಡಿಯ 80 ಗಿಗಾಬೈಟಿಗೆ ಸಗಟಿನಲ್ಲೇ 595 ಡಾಲರ್. ಗಿಗಾಬೈಟಿಗೆ ಒಂದು ಡಾಲರ್ ಎಲ್ಲಿ, ಏಳಕ್ಕೂ ಹೆಚ್ಚು ಎಲ್ಲಿ! ಅಂದು ವೇಗದ ಡಿಸ್ಕನ್ನು ಆರಿಸಿದ್ದು ಸಮಂಜಸವೇ. ಸರ್ವರುಗಳಲ್ಲಿ ಹತ್ತಾರು ಡಿಸ್ಕುಗಳನ್ನು ಜೋಡಿಸಿ ಕೆಲಸ ಹಂಚುವ ಕಡೆಯಂತೂ ಅದಕ್ಕೆ ದೀರ್ಘಕಾಲ ಸ್ಥಾನವಿತ್ತು. ಆದರೆ ತೋಷಿಬಾದಲ್ಲಿ ಫುಜಿಯೊ ಮಸುಒಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಅರೆವಾಹಕದ ತಂತ್ರ. ಚಿಪ್ಪಿನ ಕೋಶಗಳು ಕುಗ್ಗಿದಷ್ಟೂ, ಪದರಗಳು ಹೆಚ್ಚಿದಷ್ಟೂ ಅದರ ಬೆಲೆ ಇಳಿಯುತ್ತದೆ. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಡಿಸ್ಕು ಕಾರ್ಖಾನೆಗಳು ಮುಳುಗಿ ಹಾರ್ಡ್ ಡಿಸ್ಕಿನ ಬೆಲೆ ಜಿಗಿದದ್ದೂ ನಡುವಿನ ಅಂತರವನ್ನು ಕಿರಿದುಗೊಳಿಸಿತು. ಮುಂದೆ ಮೇಜಿನ ಕಂಪ್ಯೂಟರಿಗೆಂದೇ ಮಾಡಿದ 10,000 ಸುತ್ತಿನ ಡಿಸ್ಕು ಮಾರುಕಟ್ಟೆಯಿಂದ ಮರೆಯಾಯಿತು. ನಿಧಾನದ, ದೊಡ್ಡ ಗಾತ್ರದ ಸಾಮಾನ್ಯ ಡಿಸ್ಕು ಮಾತ್ರ ಇಪ್ಪತ್ತು ಟೆರಾಬೈಟ್ ದಾಟಿ ಬೆಳೆಯುತ್ತಲೇ ಇದೆ. ಚರಿತ್ರೆ ಎರಡು ತುದಿಗಳನ್ನು ಉಳಿಸಿಕೊಂಡು ನಡುವಿನದನ್ನು ಬಿಟ್ಟುಬಿಟ್ಟಿತು. ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸರ್ವರಿನಿಂದ ಬಿಚ್ಚಿದ 15,000 ಸುತ್ತಿನ ಡಿಸ್ಕು ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು. ಅದರ ಜೋಡಣೆಯೇ ಬೇರೆ ಬಗೆಯದು, ಶಾಲೆಯ ಕಂಪ್ಯೂಟರಿನ ಬೋರ್ಡಿಗೆ ನೇರವಾಗಿ ಹೊಂದದು. ಜೊತೆಗೆ ಅದು ಎಷ್ಟು ವರ್ಷ ದುಡಿದು ಬಂದಿದೆಯೋ ಆ ಸವಕಳಿಯೂ ನಮ್ಮ ಪಾಲಿಗೆ ಬರುತ್ತದೆ.

ಎಸ್‌ಎಸ್‌ಡಿ ಇಷ್ಟು ಮೇಲಾಗಿದ್ದರೆ ಎಲ್ಲವನ್ನೂ ಅದರಲ್ಲೇ ಇಡಬಾರದೇಕೆ ಎಂಬುದು ಮೊದಲ ಆಕ್ಷೇಪ. ಬೆಲೆ ಒಂದು ಕಾರಣ: ಟೆರಾಬೈಟುಗಳ ಲೆಕ್ಕಕ್ಕೆ ಹೋದರೆ ದೊಡ್ಡ ಹಾರ್ಡ್ ಡಿಸ್ಕು ಇಂದಿಗೂ ಅಗ್ಗ. ಅದಕ್ಕಿಂತ ಮುಖ್ಯ ಕಾರಣ ಬಾಳಿಕೆ. ಫ್ಲ್ಯಾಶ್ ಕೋಶದಲ್ಲಿ ಮಾಹಿತಿ ನಿಲ್ಲುವುದು ಸೆರೆಸಿಕ್ಕ ವಿದ್ಯುದಾವೇಶದಿಂದ. ಆ ಆವೇಶ ಕಾಲಕ್ರಮೇಣ ಸೋರುತ್ತದೆ, ಬಿಸಿ ಹೆಚ್ಚಿದಂತೆ ಬೇಗ ಸೋರುತ್ತದೆ. ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ ಬರೆಯುವ ಆಯುಸ್ಸು ಮುಗಿದ ಸಾಮಾನ್ಯ ಎಸ್‌ಎಸ್‌ಡಿ, ವಿದ್ಯುತ್ ಇಲ್ಲದೆ 30 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದೀತು, ನಿಜ. ಆದರೂ ಪಾವಗಡದ ಬೇಸಿಗೆಯಲ್ಲಿ ಬೀರುವಿನೊಳಗೆ ವರ್ಷಗಟ್ಟಲೆ ಬಿದ್ದಿರಬೇಕಾದ ಪ್ರತಿಗೆ ಅದು ತಕ್ಕ ಜಾಗವಲ್ಲ. ಇನ್ನೊಂದು ಸಂಗತಿ: ಅಳಿಸಿದ ಮಾಹಿತಿಯನ್ನು ಹಾರ್ಡ್ ಡಿಸ್ಕಿನಿಂದ ಮರಳಿ ಪಡೆಯುವ ಸಾಧ್ಯತೆ ಅನೇಕ ಸಲ ಇರುತ್ತದೆ, ಎಸ್‌ಎಸ್‌ಡಿ ಖಾಲಿ ಬಿದ್ದ ಕೋಶಗಳನ್ನು ತಾನೇ ಶುಚಿಗೊಳಿಸುವುದರಿಂದ ಆ ಸಾಧ್ಯತೆ ತೀರ ಕಡಿಮೆ. ಒರೆಸಿದ ಕಡತದ ಬಗ್ಗೆ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ಎರಡನೆಯ ಆಕ್ಷೇಪ ವಿದ್ಯುತ್ತಿನದು. ಹೋಗಿ ಬರುವ ಕರೆಂಟಿಗೆ ಎಸ್‌ಎಸ್‌ಡಿ ತಾಳೀತೇ ಎಂದು ಕೇಳುವವರ ಆತಂಕದಲ್ಲಿ ಹುರುಳಿದೆ: ಬರೆಯುತ್ತಿರುವಾಗ ವಿದ್ಯುತ್ ಕಡಿದರೆ ಅಗ್ಗದ ಎಸ್‌ಎಸ್‌ಡಿಯಲ್ಲಿ ಮಾಹಿತಿ ಕೆಡಬಹುದು. ಆದರೆ ಹಾರ್ಡ್ ಡಿಸ್ಕಿಗೂ ಅದೇ ಅಪಾಯವಿದೆ. ಜೊತೆಗೆ ತಿರುಗುವ ತಟ್ಟೆ, ಕೂದಲೆಳೆಗಿಂತ ಕಿರಿದಾದ ಅಂತರದಲ್ಲಿ ತೇಲುವ ತೋಳಿನ ತುದಿ ಇರುವುದರಿಂದ ಆಘಾತದ ಭಯ ಅದಕ್ಕೆ ಹೆಚ್ಚು. ಎರಡಕ್ಕೂ ಮದ್ದು ಯುಪಿಎಸ್. ವೇಗದ ಡಿಸ್ಕಿಗೆ ಸುರಿಯುವ ಹೆಚ್ಚುವರಿ ಹಣವನ್ನು ಯುಪಿಎಸ್‌ನ ಬ್ಯಾಟರಿಗೆ ಹಾಕಿದರೆ ಎರಡೂ ಉಳಿಯುತ್ತವೆ. ಮೂರನೆಯ ಆಕ್ಷೇಪ ಇನ್ನೂ ಗಟ್ಟಿ: ಪಹಣಿ, ಅಂಕಪಟ್ಟಿ ಎಲ್ಲ ಬೆಂಗಳೂರಿನ ಸರ್ವರಿನಲ್ಲಿರುವಾಗ ಸ್ಥಳೀಯ ಡಿಸ್ಕಿನ ಚಿಂತೆ ಏಕೆ? ಸರ್ವರಿನ ಉತ್ತರ ತಲುಪುವುದು ಎದುರಿಗಿರುವ ಕಂಪ್ಯೂಟರಿನ ಬ್ರೌಸರಿಗೆ; ಆ ಬ್ರೌಸರ್ ತೆರೆಯುವುದೇ ತಡವಾದರೆ ಸರ್ವರಿನ ವೇಗ ಸರದಿಯಲ್ಲಿ ನಿಂತವರಿಗೆ ಸಿಗದು. ಶಾಲೆಯ ಸ್ವಂತ ಚಿತ್ರ, ವಿಡಿಯೊ, ಹಳೆಯ ವಹಿಗಳ ಪ್ರತಿಯನ್ನು ಯಾವ ಸರ್ಕಾರಿ ಸರ್ವರೂ ಕೇಳದೆ ಕಾಪಾಡುವುದಿಲ್ಲ.

ಕಲ್ಲಿನ ಕಾಲವನ್ನು ಡಿಸ್ಕಿನ ಕಾಲಕ್ಕೆ ಜೋಡಿಸುವುದು ಬಲವಂತದ ಹೋಲಿಕೆ ಎಂದು ಇತಿಹಾಸಕಾರರು ಆಕ್ಷೇಪಿಸಬಹುದು. ಶಾಸನಕ್ಕೆ ಧರ್ಮದ, ಅಧಿಕಾರದ ಅರ್ಥಗಳಿದ್ದವು, ಅದು ಬರಿಯ ಸಂಗ್ರಹಸಾಧನವಲ್ಲ ಎಂಬುದು ಸರಿ. ನಾನು ಹೇಳುತ್ತಿರುವುದು ಅವೆರಡೂ ಒಂದೇ ಎಂದಲ್ಲ. ಬರೆಯುವ ಖರ್ಚು, ತಿದ್ದುವ ಸೌಕರ್ಯ, ಉಳಿಯುವ ಕಾಲ ಎಂಬ ಮೂರು ಗುಣಗಳು ಯಾವ ಮಾಧ್ಯಮದಲ್ಲೂ ಒಟ್ಟಿಗೆ ಉತ್ತಮವಾಗಿ ಸಿಕ್ಕಿಲ್ಲ. ಆ ಇಕ್ಕಟ್ಟು ಪ್ರತಿ ಕಾಲದಲ್ಲೂ ಇದ್ದದ್ದರಿಂದ, ಪ್ರತಿ ಕಾಲದ ಪರಿಹಾರವೂ ಮುಂದಿನವರಿಗೆ ಪಾಠವಾಗುತ್ತದೆ.

ಪಾಠ ಇಷ್ಟು. ಪ್ರಯೋಗಾಲಯದ ಪ್ರತಿ ಹಳೆಯ ಕಂಪ್ಯೂಟರಿಗೂ ಸಾಟಾ ಜೋಡಣೆ ಇದ್ದರೆ 240 ಅಥವಾ 256 ಗಿಗಾಬೈಟಿನ ಸಾಧಾರಣ ಎಸ್‌ಎಸ್‌ಡಿ ಹಾಕಿ, ಕಾರ್ಯಾಚರಣೆ ತಂತ್ರಾಂಶವನ್ನು ಅದರಲ್ಲಿಡಬೇಕು. ಹೊಸ ಕಂಪ್ಯೂಟರಿಗೆ ಕಾಯಬೇಕಿಲ್ಲ, ಹಳೆಯದೇ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಇಡೀ ಶಾಲೆಗೆ, ಕೇಂದ್ರಕ್ಕೆ ಎರಡು ದೊಡ್ಡ ಸಾಮಾನ್ಯ ಹಾರ್ಡ್ ಡಿಸ್ಕು ಕೊಂಡು, ಒಂದೇ ಮಾಹಿತಿಯ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿಡಬೇಕು. ವರ್ಷಕ್ಕೊಮ್ಮೆಯಾದರೂ ಚಾಲೂ ಮಾಡಿ ಓದಿ ನೋಡಬೇಕು. ವೇಗದ ಹಾರ್ಡ್ ಡಿಸ್ಕಿಗೆ ಒಂದು ರೂಪಾಯಿಯನ್ನೂ ಎತ್ತಿಡಬೇಕಿಲ್ಲ. ಸರದಿಯಲ್ಲಿ ನಿಂತ ರೈತರ ಅರ್ಧ ದಿನದ ಕೂಲಿ, ನಲವತ್ತು ನಿಮಿಷದ ಕಂಪ್ಯೂಟರ್ ತರಗತಿಯಲ್ಲಿ ಮಕ್ಕಳಿಗೆ ಸಿಗುವ ಕಲಿಕೆ ಈ ಆಯ್ಕೆಯನ್ನು ಅವಲಂಬಿಸಿವೆ. ಮಳೆ ಕಡಿಮೆಯಾದ, ಅನುದಾನವೂ ಕಡಿಮೆಯಾದ ಈ ತಾಲ್ಲೂಕುಗಳಲ್ಲಿ ತಪ್ಪು ಕಡೆ ಖರ್ಚಾದ ಹಣ ಮತ್ತೆ ಬರುವುದು ಬಹಳ ತಡ. ಆದ್ದರಿಂದಲೇ ಡಿಸ್ಕಿನ ಆಯ್ಕೆಯನ್ನು ಅಂಗಡಿಯವರ ಮಾತಿಗೆ ಬಿಡದೆ, ದಿನವೂ ಮುಟ್ಟುವುದು ಯಾವುದು, ಕಾಪಿಡಬೇಕಾದದ್ದು ಯಾವುದು ಎಂದು ಪಟ್ಟಿ ಮಾಡಿಕೊಂಡ ಮೇಲೆ ಶಾಲೆ ಮತ್ತು ಕಚೇರಿಗಳವರೇ ತೀರ್ಮಾನಿಸಬೇಕು.